ಬೀಗದ ಕೈ

ಬುಧವಾರ. ವಿರಾಜಪೇಟೆಯ ಸಂತೆ.
ರವೂಫನ ಮೊಬೈಲ್ ಅಂಗಡಿಯ ಸ್ಟೂಲಿನ ಮೇಲೆ ನಾನು,
ಕನ್ನಡಕದ ಕಾಲಿಗೆ ಸ್ಕ್ರೂ ಹಾಕಿಸಲು ಬಂದವನು.
ತಾಲೂಕು ಆಸ್ಪತ್ರೆಯ ನರ್ಸಮ್ಮ ಫೋನು ಚಾಚಿದಳು:
"ನಿನ್ನೆ ರಾತ್ರಿಯಿಂದ ತೆರೀತಿಲ್ಲ ನೋಡಣ್ಣ."
"ತೆರೆಯಲ್ಲ ಸಿಸ್ಟರ್. ಸರ್ಕಾರ ಮುಚ್ಚಿಸಿದೆ.
ಒಳಗಿನದು ಅವರಿಗೂ ಓದೋಕಾಗಲ್ಲವಂತೆ, ಅದಕ್ಕೆ."
ಯಾರಿಗೆ ಬರೆಯುತ್ತಿದ್ದಳೋ, ಏನನ್ನೋ.
ಫೋನನ್ನು ಚೀಲದ ತಳಕ್ಕೆ ತಳ್ಳಿ
ಆ ಬಿಸಿಲಿನಲ್ಲಿ ಕೊಡೆ ಬಿಚ್ಚದೆ ಹೋದಳು.

ಎಸ್ಟೇಟಿನ ರೈಟರ್ ನಾಣಯ್ಯ, ಪೇಪರಿನಿಂದ ತಲೆಯೆತ್ತದೆ:
"ತಪ್ಪು ಮಾಡದವರಿಗೆ ಏನು ಭಯ?
ಬೀಗ ಬೇಡ ಅಂತ ಯಾರಂದರು ಪಾಪ,
ಒಂದು ಬೀಗದ ಕೈ ಕೇಳ್ತಿದ್ದಾರೆ, ಅಷ್ಟೆ.
ಒಳ್ಳೆಯವರೊಬ್ಬರ ಹತ್ತಿರ ಇರುತ್ತದೆ."

ಆ ಒಳ್ಳೆಯವರೊಬ್ಬರು ನಾನೇ ಆಗಿದ್ದೆ, ಒಂದು ಚಳಿಗಾಲ.
ಬೀಗದ ಕೈ ಎಂದರೆ ಈ ಕೈ.

ಎಪ್ಪತ್ತೊಂದು, ಡಿಸೆಂಬರ್. ಗಡಿಯ ಈಚೆಗೊಂದು ಡೇರೆ,
ಲಾಟೀನು, ಗೋಣಿಚೀಲದ ತುಂಬ ನೀಲಿ ಇನ್‌ಲ್ಯಾಂಡು.
ಕನ್ನಡ ಲಿಪಿ, ಕೊಡವ ಮಾತು.
ಮೈಸೂರಿನ ಹವಾಲ್ದಾರ ಅಕ್ಷರ ಕೂಡಿಸಿ ಕೂಡಿಸಿ ಸೋತು
"ಇದೇನೋ ಗುಪ್ತ ಸಂಕೇತ" ಎಂದು ಸಾಹೇಬರಿಗೆ ಒಯ್ದ.
ನನ್ನನ್ನು ಕರೆಸಿದರು. ಇಪ್ಪತ್ತೆರಡು ವರ್ಷ,
ಹೆಮ್ಮೆಯಿಂದ ಸೆಲ್ಯೂಟ್ ಹೊಡೆದೆ.
ಕತ್ತರಿ ಕೊಟ್ಟರು, ಶಾಯಿಯ ಕುಡಿಕೆ ಕೊಟ್ಟರು,
ಕಾಚಂಪುಳಿಯ ಹಾಗೆ ಕಪ್ಪು, ಮಂದ.

ಪಲ್ಟನ್ನಿನ ಹೆಸರು ಕಂಡರೆ ಬಳಿ. ತಾರೀಕು ಕಂಡರೆ ಬಳಿ.
ಕಂಡದ್ದು?
ಮೆಣಸಿನ ಬಳ್ಳಿ ಸೊರಗಿದೆ.
ಪುತ್ತರಿಗೆ ಈ ಸಲ ಕದಿರು ಕೊಯ್ದವನು ನಿಮ್ಮ ತಮ್ಮ.
ಹಂದಿ ಮರಿ ಹಾಕಿತು, ಒಂದು ಉಳಿಯಲಿಲ್ಲ.
ಮಗುವಿಗೆ ಹಲ್ಲು ಬಂತು, ಕಚ್ಚುತ್ತಾಳೆ, ನಿಮ್ಮ ಹಾಗೆಯೇ.
ಈ ಕೊನೆಯದಕ್ಕೆ ಗಟ್ಟಿಯಾಗಿ ನಕ್ಕಿದ್ದೆ,
ಡೇರೆಯಲ್ಲಿದ್ದ ಮೂವರಿಗೂ ಓದಿ ಹೇಳಿದ್ದೆ.

ಆಮೇಲೆ ದೇಚಕ್ಕನ ಕಾಗದ ಬಂತು,
ಗಂಡ ಬೆಳ್ಯಪ್ಪನಿಗೆ.
ಅಂಟು ಒದ್ದೆ ಮಾಡಿ ಬಿಡಿಸಿದೆ.
ಅದರಲ್ಲಿದ್ದದ್ದನ್ನು ಇಲ್ಲಿ ಬರೆಯುವುದಿಲ್ಲ.
ಬಳಿಯಬೇಕಾದ ಹೆಸರಿರಲಿಲ್ಲ, ತಾರೀಕಿರಲಿಲ್ಲ,
ದೇಶಕ್ಕೆ ಅದರಿಂದ ಸಾಸಿವೆಯಷ್ಟೂ ಆಗಬೇಕಾದ್ದಿರಲಿಲ್ಲ.
ಮತ್ತೆ ಅಂಟಿಸಿ, ಮೊಹರು ಒತ್ತಿ, ಚೀಲಕ್ಕೆ ಹಾಕಿದೆ.
ಅವನಿಗಿಂತ ನಾಲ್ಕು ದಿನ ಮೊದಲೇ ನನಗೆ ಗೊತ್ತಿತ್ತು.

ಐವತ್ತು ವರ್ಷ ದಾಟಿತು. ಕೈಲ್‌ಪೊಳ್ದಿಗೆ
ಬೆಳ್ಯಪ್ಪನೂ ನಾನೂ ಒಟ್ಟಿಗೆ ನಿಂತು
ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುತ್ತೇವೆ.
ಕಡಂಬಟ್ಟು ಬಡಿಸುವಾಗ ದೇಚಕ್ಕ
"ಯಾಕೆ ಬಾವ, ಮುಖ ನೋಡಿ ಮಾತಾಡಲ್ಲ?" ಎಂದು ನಗುತ್ತಾಳೆ.
ನಾನು ತಟ್ಟೆ ನೋಡುತ್ತೇನೆ.
ಆ ಕಾಗದ ಒಲೆ ಸೇರಿ ಎಷ್ಟು ಕಾಲವಾಯಿತೋ,
ನನ್ನೊಳಗೆ ಮಾತ್ರ ಅಂಟು ಬಿಚ್ಚಿಕೊಂಡೇ ಬಿದ್ದಿದೆ.

ಕೋವಿಗೆ ಲೈಸೆನ್ಸು ಕೇಳದ ಮನೆಗಳು ನಮ್ಮವು.
ಗೋಡೆಗೆ ತೂಗುಹಾಕಿ, ತೋಕ್‌ಪೂ ಸಿಕ್ಕಿಸಿ ಕೈ ಮುಗಿಯಬಹುದು;
ಪಿಸುಮಾತಿಗೆ ಮಾತ್ರ ಅಪ್ಪಣೆ ಚೀಟಿ ಬೇಕೇನೋ.
ಇದನ್ನು ನಾಣಯ್ಯನಿಗೆ ಹೇಳೋಣವೆಂದುಕೊಂಡೆ.
ಅವನಾಗಲೇ ಹಾಕಿ ಪಂದ್ಯದ ಪುಟಕ್ಕೆ ಹೋಗಿದ್ದ.

ರವೂಫ್ ಕನ್ನಡಕ ಕೊಟ್ಟ.
"ಹಾಕಿ ನೋಡಿ ಅಜ್ಜ, ಸರಿಯಾಗಿ ಕಾಣುತ್ತಾ?"
ಎದುರಿನ ಬಸ್‌ಸ್ಟಾಪಿನಲ್ಲಿ ಆ ನರ್ಸಮ್ಮ
ಆಸ್ಪತ್ರೆಯ ಚೀಟಿಯ ಹಿಂಬದಿಗೆ ಏನೋ ಬರೆಯುತ್ತಿದ್ದಳು,
ಎಡಗೈ ಮರೆಮಾಡಿ, ಪರೀಕ್ಷೆಗೆ ಕೂತ ಮಕ್ಕಳ ಹಾಗೆ.
ಅಕ್ಷರ ಕಾಣುವಷ್ಟು ಹತ್ತಿರವೇನಲ್ಲ.
ಆದರೂ ಕನ್ನಡಕ ತೆಗೆದು
ಜೇಬಿಗೆ ಹಾಕಿಕೊಂಡೆ.