ಎರಡು ಹಲ್ಲು

ಲಿಗೋರಿ ಮಾಮನ ಜಗಲಿಯಲ್ಲಿ ಗೋಣಿ ಹಾಸಿ
ಇಪ್ಪತ್ತು ಚೀಟಿ, ಇಪ್ಪತ್ತು ವಸ್ತು.
ಒಂದಕ್ಕೆ ಅರ್ಧ ನಿಮಿಷ.
ಅವರ ಹಳೇ ಸೈಕಲ್ಲಿನ ಬೆಲ್ಲೇ ಪರೀಕ್ಷೆಯ ಗಂಟೆ.
ಶಿರ್ವದ ಪಶು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಕಂಪೌಂಡರು;
ಡಾಕ್ಟರುಗಳು ಬಂದರು, ವರ್ಗವಾಗಿ ಹೋದರು,
ಇವರ ಕೈ ಮಾತ್ರ ಊರ ಹಟ್ಟಿಗಳ ಕತ್ತಲಲ್ಲೇ ಉಳಿಯಿತು.

ಟ್ರಿಣ್. ಅಲಸಂದೆ ಬೀಜ.
ಟ್ರಿಣ್. ಕುದುರೆ ಮಸಾಲೆ ಸೊಪ್ಪು.
ಟ್ರಿಣ್. ಹೊಟ್ಟೆಯುಬ್ಬರಕ್ಕೆ ಚುಚ್ಚುವ ಟ್ರೋಕಾರು.
ಟ್ರಿಣ್. ಇದು... ಇಕ್ಕಳ.
"ಎಂಥ ಇಕ್ಕಳ ಬಾಯೆ? ಅಡುಗೆಮನೆಯದ್ದಾ?"
ಹೋರಿಕರುಗಳ ಬೀಜ ಒತ್ತುವುದೆಂದು ಗೊತ್ತಿತ್ತು,
ಬಾಯಿ ಬರಲಿಲ್ಲ.
"ನಾಚಿಕೆಗೆ ಅಂಕ ಇಲ್ಲ" ಎಂದು ಬೆಲ್ ಬಾರಿಸಿದರು.

ನಾಲ್ಕು ಹೊಟ್ಟೆಗಳನ್ನು ಮಾತ್ರ ಕಲಿಸಿದ್ದು ಉಮ್ಮ,
ಮೂಳೂರಿನ ನಮ್ಮ ಬಾವಿಕಟ್ಟೆಯಲ್ಲಿ ಬೋಟಿ ತೊಳೆಯುತ್ತ.
ಟವೆಲಿನಂಥದ್ದು, ಜೇನುಗೂಡಿನಂಥದ್ದು,
ಪುಟ ಪುಟವಾಗಿ ಬಿಡಿಸಿಕೊಳ್ಳುವುದು, ಆಮೇಲೆ ಬರೀ ಜಾರುವುದು.
ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು
ಮೂರನೆಯದನ್ನು ಬೆಳಕಿಗೆ ಹಿಡಿದಳು:
"ನಾವು ಇದಕ್ಕೆ ಕಿತಾಬು ಅನ್ನೋದು. ನಿನ್ನದರಲ್ಲಿ?"
ಒಮೇಸಂ, ಅಂದೆ.
ಒಮ್ಮೆ ನಾಲಗೆಯ ಮೇಲೆ ಆಡಿಸಿ ನೋಡಿದಳು,
ಸಾರಿಗೆ ಉಪ್ಪು ಸಾಕೇ ಎಂದು ನೋಡುವ ಹಾಗೆ.

ಪಹಣಿ ಇನ್ನೂ ಅಜ್ಜನ ಹೆಸರಲ್ಲಿ.
ಕಾಪುವಿನ ತಾಲೂಕು ಕಚೇರಿಗೆ ನಾಲ್ಕು ಸಲ.
ಅರುವತ್ತು ಸೆಂಟ್ಸು ಗದ್ದೆ, ಆರು ಆಡು,
ಇಷ್ಟಕ್ಕೆ ಕೃಷಿಕರ ಮಗಳೇ ಎಂದು
ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.
"ಆಡುಗಳನ್ನೂ ಕರಕೊಂಡು ಬರಬೇಕಿತ್ತಾ?" ಉಮ್ಮ ಕೇಳಿದಳು.
ಸೀಲು ಬಿತ್ತು.

ರಾತ್ರಿ ಲಾಡುವೇ ನನ್ನ ಪಠ್ಯಪುಸ್ತಕ.
ಕಂದು ಮೈ, ಒಂದು ಕಿವಿ ಬಿಳಿ.
ತೊಡೆಯ ಒಳಗೆ ಎರಡು ಬೆರಳಿಟ್ಟು ನಾಡಿ ಎಣಿಸುತ್ತೇನೆ:
ಎಪ್ಪತ್ತಾರು.
ಹೈವೇಯಲ್ಲಿ ಮೀನಿನ ಲಾರಿ ಹಾರನ್ ಹೊಡೆದರೆ ತೊಂಬತ್ತು.
ಉಸಿರು, ಉಷ್ಣ, ಮೆಲುಕು, ಹಿಕ್ಕೆ
ಎಲ್ಲ ಬರೆದಿಟ್ಟ ನೋಟ್‌ಬುಕ್ಕಿನ ಅಂಚನ್ನು
ಅದೇ ತಿಂದಿದೆ.

ಬಕ್ರೀದಿಗೆ ಹನ್ನೆರಡು ದಿನ. ಪರೀಕ್ಷೆಗೆ ಹತ್ತೊಂಬತ್ತು.
ಉಚ್ಚಿಲದಿಂದ ಬಂದವರು ಬೈಕಿನಿಂದ ಇಳಿಯುತ್ತಲೇ ಕೇಳಿದರು,
"ವರ್ಷ ತುಂಬಿದ್ದುಂಟಾ ಇದಕ್ಕೆ?"
ಉಮ್ಮ ನನ್ನತ್ತ ಕೈ ತೋರಿಸಿದಳು, ಹೆಮ್ಮೆಯಲ್ಲೇ:
"ಅವಳೇ ಹೇಳ್ತಾಳೆ. ಡಾಕ್ಟರಿಕೆ ಕಲಿಯುವವಳು."

ಹುಟ್ಟಿದ ದಿನವೇ ಗೊತ್ತು ನನಗೆ,
ಫಸ್ಟ್ ಪಿಯುಸಿ ಕೆಮಿಸ್ಟ್ರಿಯ ಹಿಂದಿನ ರಾತ್ರಿ,
ಟಾರ್ಚು ಹಿಡಿದವಳು ನಾನು.
ಆದರೆ ಕೇಳಿದ್ದು ಹಲ್ಲನ್ನು.
ತುಟಿ ಅಗಲಿಸಿದೆ, ಮಾಮ ಹೇಳಿಕೊಟ್ಟ ಹಾಗೆ, ಮೆತ್ತಗೆ.
ಮೇಲೆ ಮುಂದಿನ ಹಲ್ಲಿಲ್ಲ, ಗಟ್ಟಿ ಒಸಡು.
ಕೆಳಗೆ ಎಂಟು. ನಡುವೆ ಅಗಲದ ಹೊಸತು,
ಒಂದು ಪೂರ್ತಿ, ಇನ್ನೊಂದು ಪೂರ್ತಿಯಾಗುವುದರಲ್ಲಿ.
ಹಲಸಿನೆಲೆಯ ವಾಸನೆ ನನ್ನ ಮುಖಕ್ಕೆ.
ಅರ್ಧ ನಿಮಿಷ ಯಾವಾಗಲೋ ಕಳೆದಿತ್ತು,
ಬೆಲ್ ಬಾರಿಸಲು ಯಾರೂ ಇರಲಿಲ್ಲ.

"ಎರಡು ಹಲ್ಲು" ಎಂದೆ. "ವರ್ಷ ದಾಟಿದೆ."

ಸರಿಯುತ್ತರ.
ಉಮ್ಮ ನೋಟು ಎರಡು ಸಲ ಎಣಿಸಿದಳು.
ಶಿವಮೊಗ್ಗದ ಬಸ್ಸಿಗೆ ಇಷ್ಟು, ಬಿಳಿ ಕೋಟಿಗೆ ಇಷ್ಟು,
ಉಳಿದದ್ದು ಅಕ್ಕಿ ಡಬ್ಬದೊಳಗೆ.

ಮರುದಿನ ಗೋಣಿಯ ಮೇಲೆ ಹನ್ನೊಂದನೆಯದು ಒಂದು ದವಡೆ.
ನಾನು ಸುಮ್ಮನಿದ್ದೆ.
ಮಾಮ ಬೆಲ್ಲಿನ ಮೇಲೆ ಹೆಬ್ಬೆರಳಿಟ್ಟು
ಬೇಕಾದಷ್ಟು ಹೊತ್ತು ಕಾದರು.
ಆಮೇಲೆ ಹಿತ್ತಿಲ ಹಂದಿಗೂಡಿನ ಕಡೆ ನೋಡಿ,
"ನಾನೂ ಜ್ವರಕ್ಕೆ ಇಂಜೆಕ್ಷನ್ ಕೊಡ್ತೇನೆ ಬಾಯೆ,
ಕ್ರಿಸ್ಮಸ್ಸಿನ ಹಿಂದಿನ ವಾರದಲ್ಲೂ" ಎಂದರು.
ಮತ್ತೆ ಏನೂ ಹೇಳಲಿಲ್ಲ.

ಹನ್ನೆರಡು.
ಹಗ್ಗ, ಅಂದೆ.
"ಹಗ್ಗ ನನಗೂ ಕಾಣ್ತದೆ. ಗಂಟು ಎಂಥದು?"
ಎಳೆದರೆ ಬಿಚ್ಚಿಕೊಳ್ಳುವುದು.
ಗೊತ್ತಿತ್ತು.
ಬೆಲ್ ಆದ ಮೇಲೆ ಹೇಳಿದೆ.