ಪರಸಿ ಕಲ್ಲಿನ ಮಜೂರಿ

ಅಕ್ಷರಕ್ಕ ಹನ್ನೆರಡು ರೂಪಾಯಿ, ಒತ್ತಿಗಿ ಬ್ಯಾರೆ.
ಹೆಡ್ ಮಾಸ್ತರು ಚೀಟಿ ಕೊಟ್ಟು ಹೋಗ್ಯಾರ.
ಏಳು ಸಾಲು. ಹುಟ್ಟು, ಸಾವು,
ನಡುವ ಒಂದು ಪದವಿ, ಎರಡು ಪ್ರಶಸ್ತಿ,
'ಘನ ಇಂಧನ ರಾಕೆಟ್ಟಿನ ಆದ್ಯ ಎಂಜಿನಿಯರ್
ವೈ. ದುರಗಪ್ಪ, ನಮ್ಮ ಶಹಾಬಾದಿನವರು.'

ಹುಟ್ಟಿದ್ದು ಜೂನ್ ಒಂದು ಅಂತ ಅದ.
ಸುಳ್ಳು. ನಾನೂ ಜೂನ್ ಒಂದಕ್ಕೇ ಹುಟ್ಟೀನಿ.
ಆ ವರ್ಷ ಸಾಲಿಗಿ ಹೆಸರು ಹಚ್ಚಿದ ಮೂವತ್ತೂ ಮಂದಿ
ಒಂದೇ ದಿನ ಹುಟ್ಟೀವಿ, ಮಾಸ್ತರನ ಪೆನ್ನಿನಿಂದ.
ಅವರವ್ವಗ ನೆನಪಿದ್ದದ್ದು ಇಷ್ಟೇ:
ಕಾಗಿಣಾ ಹೊಳಿ ಖಣಿಯೊಳಗ ನುಗ್ಗಿದ ವರ್ಷ,
ಕಲ್ಲು ಹೊರೂದು ನಿಂತು
ಬಾಣಂತಿಗಿ ಎಂಟು ದಿನ ನಿದ್ದಿ ಸಿಕ್ಕಿತ್ತು.

ಅವರಪ್ಪ ಯಂಕಪ್ಪ ಖಣಿಗಿ ಮದ್ದು ತುಂಬಾಂವ.
ಬತ್ತಿಗಿ ಬೀಡಿ ತಗಲಿಸಿ
ಒಕಟಿ, ರೆಂಡು, ಮೂಡು ಅಂತ
ಮನಿ ಮಾತಿನಾಗ ಎಣಿಸಕೋತ ಓಡತಿದ್ದ.
ಬೇವಿನಗಿಡದ ಹಿಂದ ನಾವಿಬ್ಬರು
ಉರ್ದು ಸಾಲ್ಯಾಗ ಕಲ್ತಂಗ ಏಕ್, ದೋ, ತೀನ್.
ಚಾಲೀಸ್ ಅನ್ನೂದರಾಗ ನೆಲ ಜಿಗೀತಿತ್ತು.
ಒಂದು ದಿನ ಪಚಾಸ್ ಆದರೂ ಜಿಗೀಲಿಲ್ಲ.
ಯಂಕಪ್ಪ ನೋಡಲಿಕ್ಕ ಹೋದ.
ಆವತ್ತಿನಿಂದ ಬಲಗೈಗಿ ಎರಡೇ ಬೆರಳು.

ಚೀಟ್ಯಾಗ 'ಬಡತನದಲ್ಲಿ ಬೆಳೆದು' ಅಂತ ಅದ.
ಒಂಬತ್ತು ಅಕ್ಷರ.
ನೂರಾ ಎಂಟು ರೂಪಾಯಿ, ಒತ್ತಿಂದು ಬ್ಯಾರೆ.

ಮುಂದ ಸಮುದ್ರದ ದಂಡಿಗಿ ನೌಕರಿ ಆತು.
ಅಂವ ಕಟ್ಟಿದ ಮೊದಲ ಮೋಟಾರು
ಉದ್ದಕ್ಕ ಮೂರು ಆಳು.
ಹಾರಿಸಲಿಲ್ಲ, ಕಬ್ಬಿಣದ ಚೌಕಟ್ಟಿಗಿ ಬಿಗಿದು ಬೆಂಕಿ ಹಚ್ಚಿದರಂತ.
ಒಂಬತ್ತನೇ ಸೆಕೆಂಡಿಗಿ ಒಡೀತು.
ಇದು ಚೀಟ್ಯಾಗಿಲ್ಲ.
ವಾಡಿ ಜಂಕ್ಷನ್ನಿಗಿ ಇಳಿದು, ಪ್ಯಾಸೆಂಜರ್ ಹಿಡಿದು
ಮನಿಗೂ ಹೋಗದೆ ಖಣಿಗಿ ಬಂದ, ಬೂಟಿನ ಕಾಲಾಗ.
'ಎಲ್ಲಾ ಲೆಕ್ಕ ಸರಿ ಇತ್ತಪ್ಪಾ. ಯಾಕ ಒಡೀತು?'
ಮುದುಕ ಮಾತಾಡಲಿಲ್ಲ. ಸುತ್ತಿಗಿ ಕೊಟ್ಟ.
'ಬಡದು ಕೇಳು.'

ಎರಡು ದಿನ ಪರಸಿ ಬಡಕೋತ ಕುಂತ ಎಂಜಿನಿಯರ್ ಸಾಹೇಬ.
ಟಣ್ ಅಂದರ ಗಟ್ಟಿ.
ಟಪ್ ಅಂದರ ಒಳಗ ಗಾಳಿ ಕುಂತದ,
ಕೂದಲೆಳಿಯಷ್ಟು, ಕಣ್ಣಿಗಿ ಕಾಣಾಂಗಿಲ್ಲ.
'ಬೆಂಕಿಗಿ ಅಷ್ಟು ಸಂದಿ ಸಾಕಲೋ,' ಅಂದ ಯಂಕಪ್ಪ,
'ಮದ್ದು ತುಂಬುವಾಗ ಗಾಳಿ ಬಿಡಬಾರದು.
ಹತ್ತಲಿಲ್ಲಂದರ ಅರ್ಧ ತಾಸು ಸನೇಕ ಹೋಗಬಾರದು.'
ಅಂದು, ಕೈ ಧೋತರದಾಗ ಮುಚ್ಚಿಕೊಂಡ.

ಸದ್ದು ಕೇಳೋ ಮಸೀನು ಆಮ್ಯಾಲ ಬಂದವಂತ.
ಆದರೂ ಅಂವ ಮೋಟಾರು ಮೋಟಾರಿಗೂ
ಕಟಗಿ ಸುತ್ತಿಗಿ ಹಿಡಿದು ಕಿವಿ ಹಚ್ಚತಿದ್ದನಂತ,
ಹೊಸ ಹುಡುಗರು ಹಿಂದ ನಗತಿದ್ದರು.
ಒಮ್ಮೆ ಹತ್ತಲಿಲ್ಲ.
'ಮಂತ್ರಿಗಳು ಕುಂತಾರ, ಸಾರ್' ಅಂದರ
'ಕೂಡಲಿ' ಅಂದ, ಗಡಿಯಾರ ನೋಡಕೋತ.

ಸ್ಟೇಷನ್ನಿನ ಚಾ ಅಂಗಡ್ಯಾಗ ನನಗ ಹೇಳಿದ್ದ:
'ಮೌಲಾ, ಅಲ್ಲಿ ಉಲ್ಟಾ ಎಣಿಸತಾರ.
ಹತ್ತು, ಒಂಬತ್ತು, ಎಂಟು.
ಇಲ್ಲಿ ಎಣಿಸಕೋತ ಓಡತಿದ್ದೆವು,
ಅಲ್ಲಿ ಎಣಿಸಕೋತ ನಿಂದರತೀವಿ.'
'ಯಾವ ಭಾಷ್ಯಾಗ?'
'ಮೈಕಿನಾಗ ಇಂಗ್ಲಿಷ್.'
'ಹೊಟ್ಟ್ಯಾಗ?'
ಬಸಿಗಿ ಚಾ ಸುರಕೊಂಡು ಊದಿದ, ಕುಡದ,
ಗಾಡಿ ಬಂತು.

ಈಗ ನಾಲ್ಕನೇ ಸಾಲಿಗಿ ಉಳಿ ಇಟ್ಟು ಒಂದು ಏಟು ಹಾಕಿದೆ.
ಟಪ್ ಅಂತು.

ಪಾಲಿಶ್ ಭಾರಿ ಅದ, ಯಾರಿಗೂ ಗೊತ್ತಾಗಾಂಗಿಲ್ಲ.
ಐತವಾರ ಉದ್ಘಾಟನಿ, ಎಮ್ಮೆಲ್ಲೆ ಬರತಾರ.
ಮೂರು ಸಾಲಿನ ಮಜೂರಿ ಹೊಳ್ಯಾಗ ಹೋತು.
ಕಲ್ಲು ಹೊರಳಿಸಿ ಗ್ವಾಡಿಗಿ ಆನಿಸಿ ಇಟ್ಟೀನಿ,
ಮೊಮ್ಮಗನ್ನ ಖಣಿಗಿ ಕಳಿಸೀನಿ,
ಬಡದು ಕೇಳಿ ತಾ ಅಂದೀನಿ.

ಹೊಸ ಪರಸಿಗಿ ಮತ್ತ ಮೊದಲಿಂದ.
ಜೂನ್ ಒಂದು ಅಂತೇ ಕೊರೀತೀನಿ, ತಿದ್ದೂದಿಲ್ಲ.
ಆ ಸಾಲಿಗಿ ರೊಕ್ಕ ಬ್ಯಾಡ.
ಅದು ನಾನೂ ಹುಟ್ಟಿದ ದಿನ.