ಕಾಣುವ ಗುರುತು

ಇಂಡಿಪಂಪಿನ ಹತ್ತಿರ ನನ್ನ ಝೆರಾಕ್ಸ್ ಅಂಗಡಿ.
ಮಧ್ಯಾಹ್ನ ಮೂರಕ್ಕ, ಖಾನಾವಳಿ ಒಲಿ ಆರಿಸಿ
ಬಂದ್ಲು ನಿಂಬೆವ್ವ. ಸೆರಗಿನ ಗಂಟಿನಾಗ ಆಧಾರ್ ಕಾರ್ಡು.
"ಮಸ್ಕತ್ತಿಗೆ ಹೊಂಟೀನೊ ತಮ್ಮಾ. ಫಾರ್ಮು ತುಂಬು."

ರೊಟ್ಟಿ ಬಡಿಯಾಕ, ಮಸ್ಕತ್ತಿಗೆ.
ಅಲ್ಲಿ ರೂವಿ ಅನ್ನೂ ಕಡೆ ನಮ್ಮೂರ ಹುಡುಗರದೊಂದು ಖಾನಾವಳಿ ಅಂತ.
ಜ್ವಾಳದ ಹಿಟ್ಟು ಹಡಗಿನಾಗ ಹೋಗಿ ಮುಟ್ಟೇತಿ,
ಹಿಟ್ಟಿಗೆ ಯಾರೂ ಏನೂ ಕೇಳಿಲ್ಲ.
ಬಡಿಯೂ ಕೈ ಇನ್ನೂ ಹೋಗಿಲ್ಲ.

ಮೊದಲನೇ ಮನಿ, ಅಡ್ಡಹೆಸರು.
ಒಂಟಿ ಹೆಸರು ನಡೆಯೂದಿಲ್ಲ ಅಂದಾನ ಭಟ್ಕಳದ ಏಜೆಂಟ.
"ತವರಮನಿದ್ದು ಹಚ್ಚಲೊ, ಗಂಡನ ಮನಿದ್ದೊ?"
ಆಕಿ ಭಾಳ ಹೊತ್ತು ಫ್ಯಾನು ನೋಡಿದ್ಲು.
"ತವರಾಗ ಹುಣಸೀಮರದ, ಇಲ್ಲಿ ಕಟ್ಟಿಮನಿ.
ಮರಾನೂ ಕಡದಾರ, ಮನೀನೂ ಮಾರ್ಯಾರ.
ಯಾವುದು ಸಣ್ಣದೈತಿ ಅದನ್ನ ಬರಿ."

ಹುಟ್ಟಿದ ತಾರೀಖು?
"ಬೆಣ್ಣಿಹಳ್ಳಾ ಬಂದು ನಮ್ಮಪ್ಪನ ಎತ್ತು ಹರಕೊಂಡು ಹೋದ್ವಲ್ಲ, ಅವತ್ತು."
ಆಧಾರ್ ಅಂತೈತಿ, ಜನವರಿ ಒಂದು.
ನಮ್ಮ ಓಣ್ಯಾಗ ಅರ್ಧಾ ಮಂದಿ ಜನವರಿ ಒಂದಕ್ಕ ಹುಟ್ಯಾರ.

ಆಪತ್ತಿಗೆ ಯಾರನ್ನ ಕರೀಬೇಕು?
"ಆಪತ್ತಿಗೆ ಮಂದೀನ ಕರದ್ರ ಎರಡಾಗತಾವ."
ನನ್ನ ನಂಬರ ಹಾಕಿದೆ.

ಉದ್ಯೋಗದ ಪಟ್ಟಿ ಎಳದೆ, ಎಳದೆ,
ರೊಟ್ಟಿ ಬಡಿಯಾಕಿ ಅಂತ ಎಲ್ಲೂ ಇಲ್ಲ.
'ಅಡಗಿ' ಅಂತ ಒತ್ತಿದೆ. ಸಿಟ್ಟಿಗೆದ್ಲು.
"ನನ್ನ ಸಾರು ನಾಯಿ ಮೂಸೂದಿಲ್ಲ. ಸುಳ್ಳ ಬರೀಬ್ಯಾಡ."
ಅಷ್ಟರಾಗ ಕರೆಂಟು ಹೋತು.
ಮತ್ತ ಹುಣಸೀಮರದಿಂದ ಶುರು.

ಕಾಣುವ ಗುರುತು?
ಕೈ ಚಾಚಿದ್ಲು. ಮೊಣಕೈ ತನಕ
ಹಂಚಿನ ಅಂಚು ಬರದ ಗೆರಿ, ಹಳೇವು ಬೆಳ್ಳಗ, ನಿನ್ನೀದು ಕೆಂಪಗ.
ಫಾರ್ಮಿನಾಗ ಒಂದಕ್ಕಷ್ಟ ಜಾಗ.
"ಯಾವುದಾರ ಆರಿಸೊ" ಅಂದ್ಲು, ಬಳಿ ಆರಿಸಿದಂಗ.

ಪಾಸ್‌ಪೋರ್ಟ್ ಆಫೀಸಿಗೆ ನಾನ ಕರಕೊಂಡು ಹೋದೆ.
"ನಗಬ್ಯಾಡ್ರಿ, ಕಿವಿ ಕಾಣಲಿ."
"ನಾನೆಲ್ಲಿ ನಕ್ಕೆ? ಹಲ್ಲು ಮುಂದದಾವ."
ಆಮ್ಯಾಲೆ ಬೆರಳು.
ಗಾಜಿನ ಮ್ಯಾಲಿಟ್ಟಳು, ಹಸರು ದೀಪ ಹತ್ತಲಿಲ್ಲ.
ಒರಸಿ ಇಟ್ಟಳು. ಎಣ್ಣಿ ಹಚ್ಚಿ ಇಟ್ಟಳು.
ಎಡಗೈ ಕಿರಿಬೆರಳೊಂದು ಸಿಕ್ತು, ಉಳಿದ ಒಂಬತ್ತೂ ಖಾಲಿ.

ಇಪ್ಪತ್ತಾರು ವರ್ಷ, ದಿನಕ್ಕ ಮುನ್ನೂರು ರೊಟ್ಟಿ.
ಮೊಬೈಲಿನಾಗ ಗುಣಿಸಾಕ ಹೋದೆ, ಬ್ಯಾಡನಿಸಿ ಕಿಸೇದಾಗ ಇಟ್ಟೆ.

ಕುರ್ಚಿ ಮ್ಯಾಲಿನ ಹುಡುಗಿ ಒಳ್ಳೇಕಿ.
"ತಿಂಗಳಾ ಬಿಟ್ಟು ಬರ್ರಿ ಅಜ್ಜಿ. ಕೆಲಸಾ ಮಾಡಬ್ಯಾಡ್ರಿ, ಗೆರಿ ಬೆಳೀತಾವ."
"ಕೆಲಸಕ್ಕ ಹೋಗಾಕ ಕೆಲಸಾ ಬಿಡಬೇಕೇನವ್ವಾ?"
(ನಲವತ್ತೇಳಕ್ಕ ಅಜ್ಜಿ ಅನ್ನಿಸಿಕೊಂಡದ್ದು ಬಸ್ಸಿನಾಗ ನೆನಪಾಗಿ ಬೈದ್ಲು.)

ಏಜೆಂಟನ ಪಟ್ಟಿ ಇನ್ನೂ ಉದ್ದೈತಿ. ಹತ್ತನೇತ್ತಾ ಪಾಸಿಲ್ಲ, ಅದಕ್ಕೊಂದು ಬ್ಯಾರೆ ಶಿಕ್ಕಾ.
ರಕ್ತಾ ಕೊಡಾಕ ಮಂಗಳೂರು. ಎದೀದೊಂದು ಎಕ್ಸರೇ.
"ಎದ್ಯಾಗ ಏನ ಸಿಗತೈತಿ ಅವರಿಗೆ, ಹಿಟ್ಟಿನ ಧೂಳ."

ಅಂಗಡ್ಯಾಗ ಕುಂತು ಬುತ್ತಿ ಬಿಚ್ಚಿದ್ಲು.
ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಟ್ಯೂಬಲೈಟಿಗೆ ಎತ್ತಿ ಹಿಡದು,
"ಎಲ್ಲಿ ಹೋದ್ವು ಅಂದ್ರಲ್ಲ? ಇಲ್ಲದಾವ ನೋಡು."
ಹೌದು. ಅಂಚಿನಿಂದ ನಡುತನಕ ಸುತ್ತಿ ಸುತ್ತಿ
ಬೆರಳು, ಬೆರಳು, ಬೆರಳು.
"ಇದನ್ನ ಕಳಸು."

ಚಾಷ್ಟಿಗೆ ಗಾಜಿನ ಮ್ಯಾಲಿಟ್ಟು ಗುಂಡಿ ಒತ್ತಿದೆ.
ಬಂದ ಹಾಳಿ ಬಿಸಿ ಇತ್ತು.
ಎರಡು ರೂಪಾಯಿ ಅಂದೆ. ಕೊಟ್ಟಳು.
ನಾಕು ಮಡಿಕಿ ಮಾಡಿ ಕುಪ್ಪಸದಾಗ ಇಟಗೊಂಡ್ಲು.

ಈಗ ಆಕಿ ಮನ್ಯಾಗ ಕುಂತಾಳ, ಗೆರಿ ಬೆಳಸಾಕ.
ಖಾನಾವಳ್ಯಾಗ ರೊಟ್ಟಿ ಮಶೀನು ಬಂದೈತಿ.
ನನ್ನ ಗಾಜಿನ ಸಂದ್ಯಾಗ ಎಳ್ಳೊಂದು ಸಿಕ್ಕೊಂಡೈತಿ.
ಓಣಿಯವರ ರೇಶನ್ ಕಾರ್ಡು, ಜಾತಿ ಸರ್ಟಿಫಿಕೇಟು, ಮಾರ್ಕ್ಸ್‌ಕಾರ್ಡು,
ಏನ ತಗದ್ರೂ ಬಲಗಡೆ ಮೂಲ್ಯಾಗ ಒಂದು ಕರೇ ಚುಕ್ಕಿ.
"ಇದೇನ್ರೀ?" ಅಂದ್ರು ತಹಶೀಲ್ದಾರ್ ಆಫೀಸಿನವರು.
ಎಳ್ಳು, ಅಂದೆ.